ಚುಕ್ಕಿಯ ಎಡಗಣ್ಣು

ನನ್ನ ಅಕ್ಕನ ಮಗಳಿಗೆ ಮನೆಯಲ್ಲಿಟ್ಟ ಹೆಸರು ಬೇರೆ, ಎಲ್ಲರೂ ಕರೆಯುವ ಹೆಸರು ರೇಡಿಯೋ. ಕುದುರೆಯ ಮೇಲೆ ಕೂತರೆ ಸಾಕು, ಬಾಯಿ ಶುರುವಾಗುತ್ತದೆ, ಇಳಿಯುವ ತನಕ ನಿಲ್ಲುವುದಿಲ್ಲ. ನೆಲದ ಮೇಲೆ ಅಷ್ಟೇನೂ ಮಾತಾಡುವ ಹುಡುಗಿಯಲ್ಲ. ಮನೆಗೆ ಯಾರಾದರೂ ಬಂದರೆ ಅಡುಗೆಮನೆಯ ಬಾಗಿಲ ಸಂದಿಯಿಂದ ಇಣುಕುವ ಪೈಕಿ. ಕುದುರೆ ಏರಿದಳೋ, ಮುಗಿಯಿತು ಕಥೆ.

ನಾನು ಅವಳ ಚಿಕ್ಕಮ್ಮ. ಅವಳು ಕಲಿಯುವ ಸವಾರಿ ಶಾಲೆಯ ವ್ಯಾನ್ ಓಡಿಸುವವಳೂ ನಾನೇ. ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ಬರಬೇಕು, ಮಧ್ಯಾಹ್ನ ಹುಲ್ಲಿನ ಪೆಂಡಿ ಹೇರಿಕೊಂಡು ಬರಬೇಕು, ಸಂಜೆ ಮತ್ತೆ ಮಕ್ಕಳು. ನನ್ನ ಕೇಳಿದರೆ ಹುಲ್ಲೇ ವಾಸಿ, ಹಿಂದಿನ ಸೀಟಿನಲ್ಲಿ ಕೂತು ಕಿರುಚುವುದಿಲ್ಲ. ನನಗೆ ಕುದುರೆ ಏರುವ ಹುಚ್ಚಿಲ್ಲ. ವ್ಯಾನಿಗೆ ಬ್ರೇಕ್ ಇದೆ, ಹಾರನ್ ಇದೆ, ಒದೆಯುವುದಿಲ್ಲ, ಅಷ್ಟು ಸಾಕು. ಆದರೆ ವ್ಯಾನ್ ನಿಲ್ಲಿಸುವ ಜಾಗ ಸವಾರಿ ಅಂಗಳದ ಬೇಲಿಗೆ ತಾಗಿಕೊಂಡೇ ಇರುವುದರಿಂದ ಅಲ್ಲಿ ನಡೆಯುವುದೆಲ್ಲ ಕೂತಲ್ಲೇ ಕಾಣುತ್ತದೆ.

ರೇಡಿಯೋಗೆ ಆ ಹೆಸರು ಬಂದದ್ದು ಚುಕ್ಕಿಯಿಂದ. ಚುಕ್ಕಿ ಅಂದರೆ ಹಣೆಯ ಮೇಲೆ ಬಿಳಿ ಬೊಟ್ಟಿರುವ ಕಂದು ಬಣ್ಣದ ಹೆಣ್ಣುಕುದುರೆ. ಯಾವುದೋ ಕಾಯಿಲೆಯಲ್ಲಿ ಅದರ ಎಡಗಣ್ಣು ಹೋಗಿತ್ತು. ಎಡಗಡೆಯಿಂದ ಒಂದು ಎಲೆ ಹಾರಿ ಬಂದರೂ ಬೆಚ್ಚಿ ಬೀಳುತ್ತಿದ್ದರಿಂದ ಅದರ ಮೇಲೆ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ನಮ್ಮ ಹುಡುಗಿ ಶಾಲೆಗೆ ಸೇರಿದ ದಿನ ಒಳ್ಳೆಯ ಕುದುರೆಗಳನ್ನೆಲ್ಲ ದೊಡ್ಡ ಮಕ್ಕಳು ಹಿಡಿದುಕೊಂಡಿದ್ದರು, ಉಳಿದದ್ದು ಅದೊಂದೇ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎಡಗಡೆ ಗೊಬ್ಬರದ ತಳ್ಳುಗಾಡಿ ಕಿರ್ರೆಂದಿತು. ಚುಕ್ಕಿ ನಿಂತಲ್ಲೇ ಕಲ್ಲಾಯಿತು. ಅಷ್ಟು ಹೊತ್ತೂ ತುಟಿ ಬಿಚ್ಚದೆ ಕೂತಿದ್ದ ಹುಡುಗಿ ಬಗ್ಗಿ ಅದರ ಕಿವಿಯಲ್ಲಿ ಹೇಳಿದಳು: "ಅದು ತಳ್ಳುಗಾಡಿ ಕಣೇ. ಒಂದೇ ಚಕ್ರ. ಏನೂ ಮಾಡಲ್ಲ, ಬಾ."

ಚುಕ್ಕಿ ನಡೆಯಿತು. ಅವತ್ತಿನಿಂದ ಎಡಗಡೆ ಬಂದದ್ದು, ಹೋದದ್ದು, ನಿಂತದ್ದು, ಬಿದ್ದದ್ದು ಎಲ್ಲದರ ವರದಿಯೂ ಅದಕ್ಕೆ ತಪ್ಪದೆ ತಲುಪುತ್ತಿದೆ. "ಎಡಕ್ಕೆ ಬಕೆಟ್. ಎಡಕ್ಕೆ ನಾಯಿ, ಮಲಗಿದೆ. ಎಡಕ್ಕೆ ನಮ್ಮ ಚಿಕ್ಕಮ್ಮ, ಬನ್ ತಿಂತಾ ಇದಾಳೆ." ಬನ್ ವಿಷಯ ಇಡೀ ಅಂಗಳಕ್ಕೆ ಸಾರುವ ಅಗತ್ಯವೇನಿತ್ತೋ ನನಗೆ ಇವತ್ತಿಗೂ ತಿಳಿಯದು.

ಹೀಗಿರುವಾಗ ಸಮುದ್ರದಾಚೆಯ ಒಂದು ಸವಾರಿ ಶಾಲೆಯಿಂದ ಕರೆ ಬಂತು. ನಮ್ಮ ಮಕ್ಕಳು ಆರು ಜನ ಅಲ್ಲಿಗೆ ಹೋಗಬೇಕು, ಅಲ್ಲಿನವರ ಮನೆಗಳಲ್ಲಿ ಉಳಿಯಬೇಕು, ಅವರ ಆಟ, ಹಾಡು, ಸವಾರಿ ಕಲಿತು ನಮ್ಮದನ್ನು ತೋರಿಸಬೇಕು. ಮುಂದಿನ ವರ್ಷ ಅವರ ಮಕ್ಕಳು ನಮ್ಮ ಮನೆಗಳಿಗೆ ಬರುತ್ತಾರೆ. ಆರು ಜನರ ಪೈಕಿ ನಮ್ಮ ರೇಡಿಯೋನೂ ಒಬ್ಬಳು ಎಂದು ಟೀಚರ್ ಹೇಳಿದಾಗ ಅವಳು ಓಡಿಹೋಗಿ ಲಾಯದೊಳಗೆ ಸೇರಿಕೊಂಡಳು. ಮೊದಲು ಚುಕ್ಕಿಗೆ ಹೇಳಿ, ಆಮೇಲೆ ನನಗೆ ಹೇಳಿದಳು. ಅವಳನ್ನು ಎತ್ತಿ ಆಡಿಸಿದವಳು ನಾನು, ಲೆಕ್ಕಕ್ಕೆ ಎರಡನೆಯವಳು!

ಆಮೇಲಿನ ದಿನಗಳಲ್ಲಿ ಅಕ್ಕನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಹೊಲಿಗೆಯವಳು. ಆರೂ ಮಕ್ಕಳ ನೀಲಿ ಕೋಟು ಹೊಲಿಯುವ ಕೆಲಸ ತಾನೇ ಮೇಲೆ ಹಾಕಿಕೊಂಡಿದ್ದಳು. ಕುರ್ಚಿಯ ಮೇಲೆ ತೋಳು, ಮಂಚದ ಮೇಲೆ ಕಾಲರು, ಎಲ್ಲಿ ಕೂತರೂ ಚುಚ್ಚುವ ಪಿನ್ನು. ನೆಲದ ಮೇಲೆ ಬಣ್ಣದ ಹಗ್ಗಗಳ ರಾಶಿ, ಯಾಕೆಂದರೆ ಅಲ್ಲಿನ ಕುದುರೆಗಳಿಗೆ ಉಡುಗೊರೆಯಾಗಿ ಮಕ್ಕಳು ತಲೆಗೆ ಕಟ್ಟುವ ಹಗ್ಗ ಕೈಯಾರೆ ಹೆಣೆದು ಒಯ್ಯಬೇಕೆಂದು ಟೀಚರ್ ಅಪ್ಪಣೆ. ಜೊತೆಗೆ ಅಲ್ಲಿನ ಭಾಷೆಯ ಪಾಠ. ನಿಲ್ಲು, ನಡೆ, ಭೇಷ್, ಇಷ್ಟು ಬಂದರೆ ಕುದುರೆಗೆ ಸಾಕು. ರೇಡಿಯೋ ಅದನ್ನು ಅಪ್ಪನ ಮೇಲೆ ಪ್ರಯೋಗಿಸುತ್ತಿದ್ದಳು. ಭಾವ ಕ್ಷೌರದಂಗಡಿಯವನು, ಶಾಂತ ಮನುಷ್ಯ. ಕೈಯಲ್ಲಿ ಕಾಫಿ ಲೋಟ ಹಿಡಿದು ಬರುತ್ತಿದ್ದರೆ ಮಗಳು ಯಾವುದೋ ಭಾಷೆಯಲ್ಲಿ ಗದರಿಸುತ್ತಾಳೆ, ಪಾಪ ಅಲ್ಲೇ ನಿಲ್ಲುತ್ತಾನೆ. "ನಡೆ ಅನ್ನೋದನ್ನ ಮರೀಬೇಡಮ್ಮ, ಕಾಫಿ ಆರ್ತಾ ಇದೆ" ಎನ್ನುತ್ತಾನೆ.

ಎಲ್ಲ ಸರಿ, ಒಂದು ತೊಡಕಿತ್ತು. ಮಕ್ಕಳು ವಿಮಾನ ಹತ್ತುತ್ತಾರೆ, ಕುದುರೆಗಳು ಹತ್ತುವುದಿಲ್ಲ. ಅಲ್ಲಿ ಅವರ ಕುದುರೆಗಳ ಮೇಲೆಯೇ ನಮ್ಮವರು ಜೋಡಿ ಸವಾರಿ ತೋರಿಸಬೇಕು. ಎರಡೆರಡು ಕುದುರೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಅಕ್ಕಪಕ್ಕ, ಸಂಗೀತಕ್ಕೆ ತಕ್ಕ ಹೆಜ್ಜೆ. ಅದಕ್ಕೆಂದು ಟೀಚರ್ ಇನ್ನೊಂದು ಶಾಲೆಯಿಂದ ಪರಿಚಯವಿಲ್ಲದ ಕುದುರೆಗಳನ್ನು ತರಿಸಿದರು. ರೇಡಿಯೋ ಪಾಲಿಗೆ ಬಂದದ್ದು ದೊರೆ. ಹೆಸರಿಗೆ ತಕ್ಕ ಎತ್ತರ, ಹೆಸರಿಗೆ ತಕ್ಕ ಗತ್ತು, ಎರಡೂ ಕಣ್ಣು ನೆಟ್ಟಗಿರುವ ಕುದುರೆ.

ಮೊದಲ ದಿನವೇ ಮಾನ ಹೋಯಿತು. ದೊರೆ ಹೊರಡುತ್ತಿದ್ದದ್ದು ನೇರಕ್ಕೆ, ಸೇರುತ್ತಿದ್ದದ್ದು ಎಡಕ್ಕೆ. ಜೊತೆಯ ಹುಡುಗನ ಕುದುರೆಗೆ ಮೈ ಉಜ್ಜಿ, ಅದನ್ನು ಬೇಲಿಗೆ ಒತ್ತಿ, ಹುಡುಗ ಕಾಲಿಟ್ಟ ರಿಕಾಪು ಬೇಲಿಗೆ ಸಿಕ್ಕಿ, ಗಲಾಟೆಯೋ ಗಲಾಟೆ. ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ. ರೇಡಿಯೋ ಬಲ ಲಗಾಮು ಎಳೆದಷ್ಟೂ ದೊರೆ ಎಡಕ್ಕೆ ಜರುಗುತ್ತಿತ್ತು. ಮೇಲಿನಿಂದ ಇವಳ ವರದಿ ಬೇರೆ: "ಎಡಕ್ಕೆ ಡ್ರಮ್ಮು, ಎಡಕ್ಕೆ ಟೀಚರ್ ಸೈಕಲ್ಲು." ದೊರೆ ಕಿವಿ ಹಿಂದಕ್ಕೆ ಮಾಡಿ ಕೇಳುತ್ತಿತ್ತು, ಅದಕ್ಕೆ ಡ್ರಮ್ಮೂ ಸೈಕಲ್ಲೂ ಚೆನ್ನಾಗಿಯೇ ಕಾಣುತ್ತಿದ್ದವು.

ಟೀಚರ್ ಕೂಗಾಡುವವರಲ್ಲ, ಹುಬ್ಬು ಏರಿಸಿದರೆ ಸಾಕು. ಅವತ್ತು ಹುಬ್ಬು ಕೂಡ ಏರಿಸಲಿಲ್ಲ, ಅದಕ್ಕೇ ಭಯವಾಯಿತು. "ನೋಡು ಪುಟ್ಟ, ಇನ್ನೊಂದು ವಾರ ಬಿಟ್ಟು ಎಲ್ಲರ ಸವಾರಿ ಒಂದ್ಸಲ ನೋಡ್ತೀನಿ. ಅಷ್ಟರಲ್ಲಿ ದೊರೆ ನೇರ ಹೋಗ್ದಿದ್ರೆ ನಿನ್ನ ಜಾಗಕ್ಕೆ ಗುಮ್ಮಿ ಹೋಗ್ತಾಳೆ. ಬೇಜಾರು ಮಾಡ್ಕೋಬೇಡ. ಅಲ್ಲಿ ಯಾರ ಕಾಲಾದ್ರೂ ಮುರಿದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

ಗುಮ್ಮಿ ಏಳನೆಯವಳು. ಯಾರಿಗಾದರೂ ಹೋಗಲಾಗದಿದ್ದರೆ ಇರಲಿ ಎಂದು ತಯಾರು ಮಾಡಿಟ್ಟ ಹುಡುಗಿ. ಮಾತಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ದಿನಾ ವ್ಯಾನಿನಲ್ಲಿ ಬರುತ್ತಾಳೆ, ಅಲ್ಲಿಯ ತನಕ ಅವಳ ದನಿ ದಪ್ಪವೋ ಸಣ್ಣದೋ ನನಗೆ ಗೊತ್ತಿರಲಿಲ್ಲ. ಒಳ್ಳೆಯ ಹುಡುಗಿ, ಒಳ್ಳೆಯ ಸವಾರಿ. ಆ ವಾರ ಮಾತ್ರ ಅವಳನ್ನು ಕನ್ನಡಿಯಲ್ಲಿ ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಸಂಜೆ ವ್ಯಾನಿನಲ್ಲಿ ರೇಡಿಯೋ ಮುಂದಿನ ಸೀಟಿಗೆ ಬಂದು ಕೂತಳು. "ಚಿಕ್ಕಮ್ಮ, ಆ ಕುದುರೆಗೆ ನಾನಂದ್ರೆ ಆಗಲ್ಲ" ಎಂದಳು. "ಅದಕ್ಕೆ ಸೊಕ್ಕು ಕಣೇ" ಎಂದು ನಾನೂ ಉಪ್ಪು ಖಾರ ಹಚ್ಚಿದೆ. ಪಾಪದ ಕುದುರೆಯನ್ನು ಇಬ್ಬರೂ ಸೇರಿ ಮನೆ ಮುಟ್ಟುವ ತನಕ ಬೈದೆವು.

ಗುಟ್ಟು ರಟ್ಟಾದದ್ದು ಮರುದಿನ, ಫೋಟೋ ಅಂಗಡಿಯಲ್ಲಿ. ವೀಸಾಕ್ಕೆ ಫೋಟೋ ಬೇಕಿತ್ತು. ಅಕ್ಕ, ನಾನು, ಅವಳು ಮೂವರೂ ಹೋಗಿದ್ದೆವು. ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ ಫೋಟೋದವನು, "ನೇರ ನೋಡಮ್ಮ" ಎಂದ. ಕ್ಯಾಮೆರಾಕ್ಕೆ ಕಣ್ಣಿಟ್ಟ. ತಲೆಯೆತ್ತಿದ. "ನೇರ, ನೇರ." ಬಂದು ಅವಳ ಗಲ್ಲ ಹಿಡಿದು ಸರಿಮಾಡಿದ. ಅವನು ವಾಪಸು ಕ್ಯಾಮೆರಾ ಮುಟ್ಟುವಷ್ಟರಲ್ಲಿ ತಲೆ ಮೆಲ್ಲಗೆ ಎಡಕ್ಕೆ ಹೊರಳಿತ್ತು. ಮತ್ತೆ ಬಂದ, ಮತ್ತೆ ಸರಿಮಾಡಿದ, ಮತ್ತೆ ಎಡಕ್ಕೆ.

"ಕುತ್ತಿಗೆ ಹಿಡ್ಕೊಂಡಿದೆಯೇನಮ್ಮ?"

"ಇಲ್ವಲ್ಲ."

"ಆ ಗೋಡೆ ಮೇಲೆ ಏನಿದೆ ಅಂತ ನೋಡ್ತೀಯೆ?" ಅಕ್ಕನಿಗೆ ಸಿಟ್ಟು ಬಂತು. "ಮನೇಲೂ ಇದೇ ಕಥೆ. ಜಡೆ ಹಾಕೋವಾಗ ನಾನೊಂದು ಕಡೆ ಎಳೆದ್ರೆ ಇವಳ ತಲೆ ಇನ್ನೊಂದು ಕಡೆ."

"ನಾನು ನೇರವಾಗೇ ನೋಡ್ತಾ ಇದೀನಮ್ಮ!" ಅವಳ ಕಣ್ಣಲ್ಲಿ ನೀರೇ ಬಂತು.

ಫೋಟೋದವನು ಒಳ್ಳೆಯವನು. ಒಂದು ಹಾಗೆಯೇ ತೆಗೆದು, ಕ್ಯಾಮೆರಾ ತಂದು ಅವಳ ಮುಂದೆ ಹಿಡಿದ. ಫೋಟೋದಲ್ಲಿ ರೇಡಿಯೋ ಗಂಭೀರವಾಗಿ ಪಕ್ಕದ ಗೋಡೆಯನ್ನು ನೋಡುತ್ತಿದ್ದಳು. ಅದನ್ನು ನೋಡಿದವಳೇ ಸ್ಟೂಲಿನಿಂದ ಧುಮುಕಿ ನನ್ನ ತೋಳು ಹಿಡಿದು ಜಗ್ಗಿದಳು.

"ಚಿಕ್ಕಮ್ಮ! ದೊರೆ ತಪ್ಪಲ್ಲ! ಅದು ನನ್ನ ಮಾತು ಕೇಳ್ತಾ ಇತ್ತು!"

ಅಲ್ಲವೇ ಮತ್ತೆ? ಸವಾರನ ತಲೆ ಹೊರಳಿದರೆ ಭುಜ ಹೊರಳುತ್ತದೆ, ಭುಜ ಹೊರಳಿದರೆ ಸೊಂಟ ಹೊರಳುತ್ತದೆ, ಮೈಭಾರ ಅತ್ತಲೇ ಬೀಳುತ್ತದೆ. ತಿಳಿದ ಕುದುರೆ ಅದನ್ನೇ ಅಪ್ಪಣೆ ಎಂದುಕೊಳ್ಳುತ್ತದೆ. ಚಿಕ್ಕಂದಿನಿಂದ ಚುಕ್ಕಿಯ ಎಡಗಣ್ಣಾಗಿ ಕೂತು ಕೂತು ಇವಳಿಗೆ ಎಡವೇ ನೇರವಾಗಿಬಿಟ್ಟಿತ್ತು. ಚುಕ್ಕಿ ಇವಳಿಗೆ ಒಗ್ಗಿಕೊಂಡು ಅಷ್ಟು ಭಾರವನ್ನು ಗಣನೆಗೇ ತೆಗೆದುಕೊಳ್ಳುತ್ತಿರಲಿಲ್ಲ. ದೊರೆಗೆ ಇದೆಲ್ಲ ಏನು ಗೊತ್ತು? ಎಡಕ್ಕೆ ಅಂದರೆ ಎಡಕ್ಕೆ ಹೋಗುತ್ತಿತ್ತು. ಅದನ್ನು ನಾವಿಬ್ಬರೂ ಬಾಯಿಗೆ ಬಂದಂತೆ ಬೈದಿದ್ದೆವು.

ಕಾರಣ ತಿಳಿದ ಮೇಲೆ ಮದ್ದು ಮಾಡಿದವಳು ಅಕ್ಕ. ಮಗಳ ಜಡೆ ಬಿಗಿಯಾಗಿ ಹೆಣೆದು ಅದರ ಮಧ್ಯಕ್ಕೊಂದು ಪಿನ್ನು ಹಾಕಿ ಅಂಗಿಯ ಎಡ ಭುಜಕ್ಕೆ ಸಿಕ್ಕಿಸಿದಳು. ಮುಖ ಎಡಕ್ಕೆ ತಿರುಗಿಸಿದರೆ ಬುಡದ ಕೂದಲು ಚುರ್ ಅನ್ನುತ್ತದೆ. "ಬಾಯಿಗೂ ಒಂದು ಪಿನ್ನು ಹಾಕೇ" ಎಂದೆ ನಾನು. ಆ ವಾರವಿಡೀ ಹುಡುಗಿ ಪಿನ್ನಿನಲ್ಲೇ ಇದ್ದಳು. ಊಟಕ್ಕೆ, ಓದಿಗೆ, ಹಗ್ಗ ಹೆಣೆಯುವುದಕ್ಕೆ, ಸವಾರಿಗೆ. ಮನೆಯಲ್ಲಿ ಕ್ಷಣಕ್ಕೊಮ್ಮೆ "ಆ!" ಎಂದು ಕೇಳಿಸುತ್ತಿತ್ತು. ದಿನ ಕಳೆದಂತೆ ಆ ಸದ್ದು ಕಡಿಮೆಯಾಗುತ್ತ ಬಂತು. ವರದಿಯೂ ನಿಂತಿತು. ಅಂಗಳ ಬಿಕೋ ಎನ್ನುತ್ತಿತ್ತು, ನಾನು ನೆಮ್ಮದಿಯಾಗಿ ಬನ್ ತಿಂದೆ, ಆದರೆ ಯಾಕೋ ರುಚಿಸಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಟೀಚರ್ ಅವಳ ಹತ್ತಿರ ಬಂದು ಭುಜದ ಪಿನ್ನು ತಾವೇ ಬಿಚ್ಚಿ ತಮ್ಮ ಕಾಲರಿಗೆ ಸಿಕ್ಕಿಸಿಕೊಂಡರು. "ಇದು ಇಲ್ಲಿರ್ಲಿ. ಈಗ ಹೋಗು." ಬೇಲಿಯ ಈಚೆ ಅಕ್ಕ ನನ್ನ ಕೈ ಹಿಡಿದುಕೊಂಡಳು, ಹಿಡಿದಳು ಅನ್ನುವುದಕ್ಕಿಂತ ಹಿಂಡಿದಳು ಅನ್ನಬೇಕು. ಭಾವ ಅಂಗಡಿ ಮುಚ್ಚಿ, ಹೆಗಲ ಮೇಲಿನ ಟವೆಲ್ ತೆಗೆಯುವುದನ್ನೂ ಮರೆತು ಓಡಿ ಬಂದಿದ್ದ.

ಸಂಗೀತ ಶುರುವಾಯಿತು. ಜೋಡಿಗಳು ಹೊರಟವು. ಎಡಗಡೆಯ ಮೂಲೆಯಲ್ಲಿ ಯಾರೋ ಬಣ್ಣದ ಬಾವುಟಗಳನ್ನು ಕಟ್ಟಿದ್ದರು, ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಅವಳು ಅದನ್ನು ಹೇಳದೆ ಇರುತ್ತಾಳೆಯೇ? ಮೂಲೆ ಹತ್ತಿರ ಬಂತು. ಅವಳ ತುಟಿ ಅದುರಿದ್ದು ನನಗೆ ಕಂಡಿತು. ಕೆಳತುಟಿ ಕಚ್ಚಿಕೊಂಡಳು. ಮುಖ ಅಲುಗಲಿಲ್ಲ, ಭುಜ ಅಲುಗಲಿಲ್ಲ. ದೊರೆ ಗೆರೆ ಎಳೆದ ಹಾಗೆ ಬಾವುಟ ದಾಟಿ ನೇರವಾಗಿ, ಏನು ನೇರವಾಗಿ ಅಂತೀರಿ, ಜೊತೆಯ ಕುದುರೆಯ ಹೆಜ್ಜೆಗೆ ಹೆಜ್ಜೆ ಹಾಕಿ ಬಂತು! ನಾನು ವ್ಯಾನಿಗೆ ಹಾರಿ ಖುಷಿಗೆ ಉದ್ದಕ್ಕೂ ಹಾರನ್ ಹೊಡೆದೆ. ಹನ್ನೆರಡು ಕಿವಿಗಳು ಒಮ್ಮೆಲೇ ನಿಮಿರಿದವು, ಆರೂ ಕುದುರೆ ಬೆಚ್ಚಿದವು. ಟೀಚರ್ ಹುಬ್ಬು ಹಣೆ ದಾಟಿತು. ದೊರೆ ಒಮ್ಮೆ ಕುಪ್ಪಳಿಸಿ ಅಲ್ಲೇ ನಿಂತಿತು, ಅದರ ಮೇಲೆ ನಮ್ಮ ಹುಡುಗಿ ಕಂಬದ ಹಾಗೆ ನೆಟ್ಟಗೆ ಕೂತಿದ್ದಳು.

"ಹಾರನ್ ಪರೀಕ್ಷೆ ನಾನು ಇಟ್ಟಿರ್ಲಿಲ್ಲ" ಎಂದರು ಟೀಚರ್. "ಆದ್ರೂ ಪಾಸು."

ಹೊರಡುವ ದಿನ ಬೆಳಿಗ್ಗೆ ಆರೂ ಮಕ್ಕಳು ನೀಲಿ ಕೋಟು ಹಾಕಿ ವ್ಯಾನಿನ ಸುತ್ತ ಕೋಳಿಮರಿಗಳ ಹಾಗೆ ಓಡಾಡುತ್ತಿದ್ದರು. ಒಬ್ಬನ ಚೀಲ ಮುಚ್ಚುತ್ತಿಲ್ಲ, ಇನ್ನೊಬ್ಬಳಿಗೆ ಇದ್ದಕ್ಕಿದ್ದಂತೆ ಬಾತ್‌ರೂಮು. ರೇಡಿಯೋ ಲಾಯದ ಕಡೆ ಓಡಿದಳು, ಹೊತ್ತಾಗುತ್ತದೆ ಎಂದು ಗೊಣಗುತ್ತ ನಾನೂ ಹಿಂದೆ ಹೋದೆ. ಚುಕ್ಕಿ ನಮಗೆ ಎಡಮೈ ಮಾಡಿಕೊಂಡು ಹುಲ್ಲು ತಿನ್ನುತ್ತಿತ್ತು. ಅವಳು ನೇರವಾಗಿ ನಡೆದುಹೋಗಿ, ಸದ್ದಿಲ್ಲದೆ ಅದರ ಕುತ್ತಿಗೆಗೆ ಕೈ ಹಾಕಿದಳು.

ಚುಕ್ಕಿ ಬೆಚ್ಚಿ ಹಾರಿತು. ಬಕೆಟ್ ಉರುಳಿ ನೀರೆಲ್ಲ ನೆಲದ ಪಾಲಾಯಿತು. ಗೋಡೆಗೊತ್ತಿಕೊಂಡು ಮೂಗಿನ ಹೊಳ್ಳೆ ಅರಳಿಸಿ ನಿಂತಿತು. ಇಷ್ಟು ವರ್ಷದಲ್ಲಿ ಅವಳ ಕೈಗೆ ಅದು ಬೆಚ್ಚಿದ್ದು ಅದೇ ಮೊದಲು.

"ನಾನು ಕಣೇ, ನಾನು! ಎಡಕ್ಕೆ ನಾನೇ ಇರೋದು!" ಎನ್ನುತ್ತ ಅವಳು ಅತ್ತುಬಿಟ್ಟಳು. ಹೊಸ ಕೋಟಿನ ತೋಳಲ್ಲೇ ಮೂಗು ಒರೆಸಿಕೊಂಡಳು. "ಚಿಕ್ಕಮ್ಮ, ನಾನು ಇಲ್ದಿರೋವಾಗ ಇವಳಿಗೆ ಯಾರು ಹೇಳ್ತಾರೆ?"

ಬಾಗಿಲಲ್ಲಿ ಜೀನು ಹಿಡಿದುಕೊಂಡು ಗುಮ್ಮಿ ನಿಂತಿದ್ದಳು. ಹೋಗುವ ಅವಕಾಶ ತಪ್ಪಿದವಳು, ರೇಡಿಯೋ ಬರುವ ತನಕ ಚುಕ್ಕಿಯನ್ನು ನೋಡಿಕೊಳ್ಳುವ ಕೆಲಸ ಅವಳ ಪಾಲಿಗೆ ಬಂದಿತ್ತು. ರೇಡಿಯೋ ಅವಳ ತೋಳು ಹಿಡಿದುಕೊಂಡಳು. "ಸುಮ್ನೆ ಕೂತ್ರೆ ಇವಳು ಹೆದರ್ತಾಳೆ ಕಣೇ. ಎಡಗಡೆ ಏನಿದ್ರೂ ಹೇಳ್ತಿರ್ಬೇಕು. ಹೇಳ್ತೀಯಲ್ಲ?" ಗುಮ್ಮಿ ತಲೆ ಅಲ್ಲಾಡಿಸಿದಳು. ಹೌದೋ ಅಲ್ಲವೋ, ದೇವರಿಗೇ ಗೊತ್ತು.

ಎಲ್ಲರನ್ನೂ ತುಂಬಿಕೊಂಡು ಹೊರಟೆ. ಹಿಂದೆ ಹಾಡು, ಕೇಕೆ, ಅಲ್ಲಿನ ಭಾಷೆಯಲ್ಲಿ ನಿಲ್ಲು, ನಡೆ. ರೇಡಿಯೋ ಮಾತ್ರ ಕಿಟಕಿಗೆ ಅಂಟಿಕೊಂಡು ಕೂತಿದ್ದಳು. ಅಂಗಳದ ಬೇಲಿಯ ಪಕ್ಕದಲ್ಲಿ ಗುಮ್ಮಿ ಚುಕ್ಕಿಯ ಮೇಲೆ ಕೂತು ಬರುತ್ತಿದ್ದಳು, ಕಾಣದ ಕಣ್ಣು ನಮ್ಮ ಕಡೆಗೆ. ಎಂಜಿನ್ ಸದ್ದಿಗೆ ಚುಕ್ಕಿ ಹಿಂಜರಿದು ಕಿವಿ ನಿಮಿರಿಸಿತು. ನಾನು ವೇಗ ತಗ್ಗಿಸಿದೆ. ಹಿಂದಿನ ಗಲಾಟೆ ತಾನಾಗಿ ನಿಂತಿತು.

ಗುಮ್ಮಿ ಬಗ್ಗಿದಳು. ದನಿ ದಪ್ಪವಿತ್ತು, ಒಡೆದೊಡೆದು ಬರುತ್ತಿತ್ತು.

"ಎಡಕ್ಕೆ ವ್ಯಾನು. ಬಿಳಿ ಬಣ್ಣ. ಏನೂ ಮಾಡಲ್ಲ. ಒಳಗೆ ರೇಡಿಯೋ ಇದಾಳೆ, ಅಳ್ತಾ ಇದಾಳೆ, ನಗ್ತಾನೂ ಇದಾಳೆ." ಆಮೇಲೆ ಇನ್ನೂ ಗಟ್ಟಿಯಾಗಿ ಹೇಳಿದಳು: "ಹೋಗ್ತಾಳೆ. ಹೋಗಿ ಬರ್ತಾಳೆ. ನಡಿ."

ಚುಕ್ಕಿ ನಡೆಯಿತು. ಗೇಟು ದಾಟುವಾಗ ನಾನು ದಿನಾ ಹಾರನ್ ಹೊಡೆಯುತ್ತೇನೆ, ಅವತ್ತು ಹೊಡೆಯಲಿಲ್ಲ.