ಹೊಗೆಸೊಪ್ಪು ಒಪ್ಪಿದ ಕೋಣೆ

ನನ್ನ ಕೋಣೆಯ ಗೋಡೆಯಲ್ಲಿ ಒಂದು ಮೊಳೆಯಿದೆ. ಬಹುಕಾಲ ಅದಕ್ಕೆ ಏನನ್ನೂ ತೂಗುಹಾಕಿರಲಿಲ್ಲ. ಹಳ್ಳಿಯ ಮನೆಯಲ್ಲಿ ಖಾಲಿ ಮೊಳೆಯೆಂದರೆ ಬಸ್ಸಿನಲ್ಲಿ ಖಾಲಿ ಸೀಟಿದ್ದಂತೆ. ಯಾರಾದರೂ ಟವೆಲ್ಲು ಹಾಕದೆ ಬಿಡುವುದಿಲ್ಲ. ಹೊಡೆದ ಗಳಿಗೆಯಲ್ಲೇ ಅದಕ್ಕೊಂದು ಚೀಲವೋ, ಕ್ಯಾಲೆಂಡರೋ, ಅಜ್ಜಿಯ ಕೊಡೆಯೋ ಬಂದು ತಗುಲಿಕೊಳ್ಳುತ್ತದೆ. ಹಾಗಿರುವಾಗ ಒಂದು ಮೊಳೆಯನ್ನು ತಿಂಗಳುಗಟ್ಟಲೆ ಬರಿದಾಗಿ ಕಾಪಾಡಿಕೊಂಡದ್ದನ್ನು ನಾನು ನನ್ನ ಜೀವಮಾನದ ಸಾಧನೆಗಳ ಪೈಕಿ ಎಣಿಸುತ್ತಿದ್ದೆ. ಅದು ನನ್ನ ಯೋಜನೆಯ ಕೊನೆಯ ಮೆಟ್ಟಿಲು. ಕೋಣೆ ಪೂರ್ತಿ ಸಿದ್ಧವಾದ ದಿನ ಅಲ್ಲೊಂದು ಚಿತ್ರ ತೂಗಬೇಕಿತ್ತು.

ನಮ್ಮ ಊರು ಬಿಳಿಕೆರೆಯಿಂದ ಒಳಗೆ. ಓದು ಮುಗಿಸಿ ಬಂದು ಹುಣಸೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ಸೇರಿಕೊಂಡಾಗ ಮನೆಯವರು ಹಿಂಬದಿಯ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ನನಗೆ ನಿಜವಾಗಿ ಬೇಕಿದ್ದದ್ದು ಒಂದೇ: ಮುಚ್ಚಿದರೆ ಮುಚ್ಚಿಕೊಂಡೇ ಇರುವ ಬಾಗಿಲು. ಬಾಗಿಲಿಗೆ ಅಗಣಿಯೇನೋ ಇತ್ತು. ಆದರೆ ಹಗಲು ಹೊತ್ತು ಮುಚ್ಚಿದ ಬಾಗಿಲಿಗೆ ನಮ್ಮ ಮನೆಯಲ್ಲಿ ಎರಡೇ ಅರ್ಥ, ಒಳಗಿರುವವರಿಗೆ ಜ್ವರ, ಇಲ್ಲವೇ ಮುನಿಸು. ಎರಡಕ್ಕೂ ಮದ್ದು ಒಂದೇ, ಬಾಗಿಲು ಬಡಿದು ತೆಗೆಸಿ ಮಂಚದ ಮೇಲೆ ಕೂತು "ಏನಾಯ್ತು ಮಗ?" ಎಂದು ಕೇಳುವುದು. ಏನೂ ಆಗಿಲ್ಲ, ಸುಮ್ಮನೆ ಕೂತಿದ್ದೇನೆ ಎಂಬ ಉತ್ತರ ಅವರನ್ನು ಜ್ವರಕ್ಕಿಂತ ಹೆಚ್ಚು ಗಾಬರಿಗೊಳಿಸುತ್ತಿತ್ತು.

ಹಾಗಾಗಿ ನಾನೊಂದು ತರ್ಕ ಹೂಡಿದೆ. ಚೆಂದದ ಕೋಣೆಗೆ ಯಾರೂ ಕಾಲಿನ ಮಣ್ಣು ಕೊಡವದೆ ನುಗ್ಗುವುದಿಲ್ಲ; ಆದ್ದರಿಂದ ಕೋಣೆಯನ್ನು ಚೆಂದ ಮಾಡಿದರೆ ಏಕಾಂತ ತಾನಾಗಿ ಒದಗುತ್ತದೆ. ಅತಿಥಿ ಉಪನ್ಯಾಸಕಿಯ ಸಂಬಳವೂ ಅತಿಥಿಯಂತೆಯೇ ಹೇಳದೆ ಬಂದು ಬೇಗ ಹೊರಡುವಂಥದ್ದಾದ್ದರಿಂದ, ಸಂಬಳ ಬಂದಾಗ ಒಂದು ಗುರಿ, ಅದು ಮುಗಿಯದೆ ಇನ್ನೊಂದಕ್ಕೆ ಕೈಹಾಕಕೂಡದು ಎಂದು ನಿಯಮ ಮಾಡಿಕೊಂಡೆ. ತರಗತಿಯಲ್ಲಿ ಪಂಚವಾರ್ಷಿಕ ಯೋಜನೆಗಳನ್ನು ಬೋಧಿಸುವವಳು ಮನೆಯಲ್ಲಿ ಇಷ್ಟಾದರೂ ಮಾಡದಿದ್ದರೆ ಹೇಗೆ? ಮಾರ್ಗದರ್ಶನಕ್ಕೆ ಮೊಬೈಲಿನ ವೀಡಿಯೊಗಳಿದ್ದವು. ಅವುಗಳಲ್ಲಿ ಒಬ್ಬ ಹುಡುಗಿ ಬಿಳಿ ಅಂಗಿ ತೊಟ್ಟು ಮಧ್ಯಾಹ್ನದೊಳಗೆ ಒಂದು ಗೋಡೆಗೆ ಬಣ್ಣ ಬಳಿದು ಮುಗಿಸುತ್ತಾಳೆ. ಅವಳ ಅಂಗಿಗೆ ಒಂದು ಹನಿ ತಾಗುವುದಿಲ್ಲ, ಹಸಿ ಬಣ್ಣದ ಡಬ್ಬಿಯ ಮೇಲೆ ಒಂದು ಕೋಳಿ ಹಾರುವುದಿಲ್ಲ.

ಮೊದಲ ಗುರಿ, ತೇವ ಒಸರುತ್ತಿದ್ದ ಗೋಡೆ. ನೀರು ಹಿಡಿಯದ ಬಣ್ಣ ತಂದು ಎರಡು ಬಾರಿ ಬಳಿದೆ. "ಗ್ವಾಡೆ ಅಂದ್ಮೇಲೆ ಬೆವುರ್ತದೆ ಕಣ್ಮಗ, ಅದುಕ್ಯಾಕೆ ಅಂಗಿ ಉಡಿಸ್ತೀಯೆ?" ಎಂದಳು ಅಜ್ಜಿ. ಎರಡನೆಯದು ಪರದೆ. ಕೆ.ಆರ್. ನಗರದ ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ ತುಂಡು ಬಟ್ಟೆ, ಗಾಢ ನೀಲಿ, ಹೊದೆಯುವ ಕಂಬಳಿಯಷ್ಟು ದಪ್ಪ. ಎಳೆದರೆ ಸೂರ್ಯನಿಗೂ ಪ್ರವೇಶವಿಲ್ಲ. "ಅಗಲೊತ್ನಾಗೆ ಇರುಳು ಮಾಡ್ಕಂಡು ಕುಂತವ್ಳೆ" ಎಂದು ಅಜ್ಜಿ ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು. ಮೂರನೆಯದು ಮಂಚ. ಹುಣಸೂರಿನ ಮರದ ಮಿಲ್ಲಿನಲ್ಲಿ ಬಿದ್ದಿದ್ದ ಹಲಗೆಗಳನ್ನು ಜೋಡಿಸಿ, ನೆಲದಿಂದ ಗೇಣೆತ್ತರಕ್ಕೆ, ನೆಲದ ತಂಪು ತಟ್ಟದಂತೆ ಒಂದು ತಗ್ಗು ಮಂಚ ಮಾಡಿಸಿದೆ. ನಾಲ್ಕನೆಯದು ಒಂದು ಮಣ್ಣಿನ ಹೂಜಿಯಲ್ಲಿ ಹಬ್ಬುವ ಬಳ್ಳಿ. ಇನ್ನು ಉಳಿದದ್ದು ಮೊಳೆಗೊಂದು ಚಿತ್ರ. ಬಾಗಿಲು ಮಾತ್ರ ಮೊದಲಿನಂತೆಯೇ ಬಡಿಸಿಕೊಳ್ಳುತ್ತಿತ್ತು. ಚೆಂದವಾದ ಮೇಲಂತೂ ಅವ್ವನಿಗೆ ಮಧ್ಯಾಹ್ನದ ನಿದ್ದೆ ನನ್ನ ಕೋಣೆಯಲ್ಲಲ್ಲದೆ ಬೇರೆಡೆ ಹತ್ತುತ್ತಿರಲಿಲ್ಲ. ಆದರೂ ಯೋಜನೆ ಪೂರ್ಣಗೊಳ್ಳುವ ಮುನ್ನವೇ ಫಲ ನಿರೀಕ್ಷಿಸುವುದು ಅರ್ಥಶಾಸ್ತ್ರಕ್ಕೆ ಸಮ್ಮತವಲ್ಲವೆಂದು ತಾಳ್ಮೆ ವಹಿಸಿದ್ದೆ.

ಅಷ್ಟರಲ್ಲಿ ಒಂದು ಸಂಜೆ ಬೀಸಿದ ಗಾಳಿಗೆ ನಮ್ಮ ಶೆಡ್ಡಿನ ಶೀಟುಗಳು ಹಾರಿಹೋಗಿ ತೆಂಗಿನ ಮರದ ಬುಡದಲ್ಲಿ ಬಿದ್ದವು. ನಮ್ಮ ಸೀಮೆಯ ಬಹುತೇಕ ಮನೆಗಳಂತೆ ನಮ್ಮದೂ ಹೊಗೆಸೊಪ್ಪು ಬೆಳೆಯುವ ಮನೆ. ಬ್ಯಾರನ್ ಎಂಬ ಎತ್ತರದ ಗೂಡಿನಲ್ಲಿ ಬೇಯಿಸಿ ಬಂಗಾರದ ಬಣ್ಣಕ್ಕೆ ತಂದ ಸೊಪ್ಪನ್ನು ಹರಾಜಿಗೆ ಒಯ್ಯುವವರೆಗೆ ಆ ಶೆಡ್ಡಿನಲ್ಲೇ ಒಟ್ಟುತ್ತಿದ್ದುದು. ಬೇಯಿಸಿದ ಸೊಪ್ಪಿನ ಸ್ವಭಾವ ಬಲು ನಾಜೂಕು. ತೇವ ತಗುಲಿದರೆ ಕಪ್ಪಾಗುತ್ತದೆ, ಬೆಳಕು ಬಿದ್ದರೆ ಬಣ್ಣ ಬಿಡುತ್ತದೆ, ಗಾಳಿಯಾಡಿದರೆ ಮುರಿದು ಪುಡಿಯಾಗುತ್ತದೆ. ವರ್ಷದ ದುಡಿಮೆ ಟಾರ್ಪಾಲಿನ ಕೆಳಗೆ ಕೂತಿತ್ತು, ಆಕಾಶ ಇನ್ನೂ ಗುಡುಗುತ್ತಿತ್ತು. ಅಪ್ಪಾಜಿ ಮತ್ತು ಪಕ್ಕದ ಮನೆಯ ಪುಟ್ಟಸ್ವಾಮಿ ಮಾವ ಟಾರ್ಚು ಹಿಡಿದು ಮನೆಯ ಕೋಣೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಬಂದರು. ಕೊನೆಗೆ ನನ್ನ ಕೋಣೆಗೆ ಬಂದರು.

ಮಾವ ಗೋಡೆಗೆ ಅಂಗೈಯಿಟ್ಟು ನೋಡಿದರು. ಪರದೆ ಎಳೆದು, ತೆಗೆದು, ಮತ್ತೆ ಎಳೆದರು. ಬಗ್ಗಿ ಮಂಚದ ಕೆಳಗೆ ಟಾರ್ಚು ಬಿಟ್ಟರು. "ಅಣ್ಣ, ಇದು ರೂಮಲ್ಲ ಕಣಣ್ಣ. ಸೊಪ್ಪಿಗೆ ಅಂತ್ಲೇ ಏಳಿ ಮಾಡ್ಸಿರೋದು." ತಿಂಗಳುಗಟ್ಟಲೆ ದುಡಿದ ನನ್ನ ಸೌಂದರ್ಯಪ್ರಜ್ಞೆಗೆ ದೊರೆತ ಪ್ರಥಮ ವಿಮರ್ಶೆ ಅದು, ಮತ್ತು ಅತ್ಯಂತ ಪ್ರಾಮಾಣಿಕವಾದದ್ದು. ಅಪ್ಪಾಜಿ ನನ್ನ ಮುಖ ನೋಡದೆ ಗೋಡೆಗೆ ಹೇಳಿದರು: "ನಿಂಗೆ ತೊಂದ್ರೆ ಆಯ್ತದೆ, ಬುಡು. ಬೇರೆ ಕಡೆ ನೋಡಣ." ಬೇರೆ ಕಡೆ ಇಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ದಿಂಬು ಎತ್ತಿಕೊಂಡು ಅಜ್ಜಿಯ ಪಕ್ಕಕ್ಕೆ ನಡೆದೆ.

ಆ ರಾತ್ರಿ ಹೊಗೆಸೊಪ್ಪು ನನ್ನ ಮಂಚದ ಮೇಲೆ ಮಲಗಿತು, ಮರುದಿನದಿಂದ ನಾನು ಕಂಡ ಕನಸುಗಳೆಲ್ಲ ಅದಕ್ಕೆ ನನಸಾಗತೊಡಗಿದವು. ಅವ್ವ ಒದ್ದೆ ಕಾಲಲ್ಲಿ ಹೊಸಿಲು ದಾಟುತ್ತಿರಲಿಲ್ಲ. ಅಪ್ಪಾಜಿ ಒಳಹೋಗುವ ಮುನ್ನ ಒಂದು ಕ್ಷಣ ನಿಂತು ಉಸಿರು ತಗ್ಗಿಸುತ್ತಿದ್ದರು. ಬಾಗಿಲು ಹಗಲೂ ಇರುಳೂ ಮುಚ್ಚಿಯೇ ಇರುತ್ತಿತ್ತು, ಯಾರಾದರೂ ಅದರ ಸುತ್ತ ಸುಳಿದರೆ ಜಗಲಿಯಲ್ಲಿದ್ದ ಅಜ್ಜಿ ಕಿರುಚುತ್ತಿದ್ದಳು: "ಬಾಗ್ಲು ತಗೀಬ್ಯಾಡಿ ಕಣ್ರೋ, ಗಾಳಿ ಆಡ್ತದೆ." ಒಳಗೆ ಯಾರಿಗೆ ಜ್ವರ, ಯಾರಿಗೆ ಮುನಿಸು ಎಂದು ಒಬ್ಬರೂ ಕೇಳಲಿಲ್ಲ. ನಾನು ನಡುಮನೆಯಲ್ಲಿ, ಟಿ.ವಿ.ಯ ಕೆಳಗೆ, ಅಜ್ಜಿಯ ಗೊರಕೆಯ ಪಕ್ಕದಲ್ಲಿ ಮಲಗಿ, ಒಂದು ಎಲೆಗೆ ಸಿಕ್ಕಿದ ಏಕಾಂತದ ಬಗ್ಗೆ ಶುದ್ಧ ಮತ್ಸರ ಪಟ್ಟೆ.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಿತ್ತು. ನಮ್ಮ ಸೊಪ್ಪು ಬಣ್ಣ ಬಿಟ್ಟಿಲ್ಲವೆಂಬ ಸುದ್ದಿ ಹಬ್ಬಿ, ಜನ ಕೋಣೆ ನೋಡಲು ಬರತೊಡಗಿದರು. ಯಾರನ್ನೂ ಒಳಗೆ ಬಿಡಬಾರದೆಂದು ಕಟ್ಟಿದ ಕೋಣೆಗೆ ಈಗ ನಾನೇ ದ್ವಾರಪಾಲಿಕೆ, ನಾನೇ ವಿವರಣೆಗಾರ್ತಿ. ಪಿರಿಯಾಪಟ್ಟಣದ ಕಡೆಯವರೊಬ್ಬರು ಚಪ್ಪಲಿ ಬಿಟ್ಟು ಒಳಬಂದು, ಪರದೆಯನ್ನು ಬೆರಳಲ್ಲಿ ಉಜ್ಜಿ, "ಇದೆಲ್ಲಾನೂ ಒಂದೇ ಸಲಕ್ಕೆ ಮಾಡ್ಸುದ್ರಾ ಮೇಡಮ್ಮಾರೆ?" ಎಂದು ಕೇಳಿದರು. ಇಲ್ಲ, ಹಂತಹಂತವಾಗಿ, ಮೊದಲು ತೇವ, ಆಮೇಲೆ ಬೆಳಕು, ಆಮೇಲೆ ನೆಲ ಎಂದು ನಾನು ಶುರುಮಾಡಿದೆ. ಕಾಲೇಜಿನಲ್ಲಿ ಒಬ್ಬರೂ ಕೇಳಿಸಿಕೊಳ್ಳದ ಪಾಠವನ್ನು ಅವರು ಕೈಕಟ್ಟಿ ಕೇಳಿದರು. ಎಚ್.ಡಿ. ಕೋಟೆಯಿಂದ ಬಂದ ಇನ್ನೊಬ್ಬರು ಎಲ್ಲ ಮೆಚ್ಚಿ, ಬಳ್ಳಿಯ ಹೂಜಿಯ ಮುಂದೆ ನಿಂತು ಬಹಳ ಹೊತ್ತು ಯೋಚಿಸಿ, "ಇದು ಎಷ್ಟು ನೀರು ಬುಡ್ತದೆ?" ಎಂದರು. ಅಲಂಕಾರಕ್ಕೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ತೇವದ ಅಳತೆಗೆ ಎಂದೆ. ಅವರು ತಲೆದೂಗಿದರು. ಈಗ ಕೋಟೆಯ ಕಡೆ ಎಷ್ಟು ಸೊಪ್ಪಿನ ಕೋಣೆಗಳಲ್ಲಿ ಬಳ್ಳಿ ಹಬ್ಬಿದೆಯೋ ನಾನರಿಯೆ.

ಹರಾಜಿನಲ್ಲಿ ಸೊಪ್ಪಿಗೆ ಒಳ್ಳೆಯ ಬೆಲೆ ಸಿಕ್ಕಿತು. ಶೆಡ್ಡಿಗೆ ಹೊಸ ಶೀಟು ಬಂತು. ಕೋಣೆ ನನಗೆ ಮರಳಿತು, ಜೇನು ಮತ್ತು ಒಣಹುಲ್ಲು ಬೆರೆತಂಥ ಒಂದು ವಾಸನೆಯ ಸಮೇತ. ಮೊದಲ ಭಾನುವಾರ ಬಾಗಿಲು ಹಾಕಿ ಪುಸ್ತಕ ಹಿಡಿದು, ಬಡಿತಕ್ಕಾಗಿ ಕಾದು ಕೂತೆ. ಹೊರಗೆ ಪುಟ್ಟಸ್ವಾಮಿ ಮಾವನ ಹೆಂಡತಿ ನನ್ನನ್ನು ಕೇಳಿಕೊಂಡು ಬಂದದ್ದು ಕೇಳಿಸಿತು. ಬಳೆಯ ಸದ್ದು ಬಾಗಿಲ ತನಕ ಬಂತು. ಆಗ ಜಗಲಿಯಿಂದ ಅಜ್ಜಿಯ ದನಿ, ಸೊಪ್ಪಿನ ಕಾಲದ ಅದೇ ಗದರಿಕೆಯಲ್ಲಿ: "ತಗೀಬ್ಯಾಡ ಕಣಮ್ಮಿ. ಒಳಗವ್ಳೆ. ಗಾಳಿ ಆಡ್ತದೆ."

ಬಳೆಯ ಸದ್ದು ಹಿಂದೆ ಸರಿಯಿತು. ನನ್ನ ಮನೆಯವರಿಗೆ ಮುಚ್ಚಿದ ಬಾಗಿಲನ್ನು ಗೌರವಿಸಲು ಬರುವುದಿಲ್ಲವೆಂದು ನಾನು ತಿಳಿದದ್ದು ತಪ್ಪು. ಒಳಗೆ ಏನೋ ಸದ್ದಿಲ್ಲದೆ ಹದಕ್ಕೆ ಬರುತ್ತಿದೆಯೆಂದು ನಂಬಿಕೆಯಾದರೆ ಅವರು ಉಸಿರನ್ನೂ ಬಿಗಿಹಿಡಿಯಬಲ್ಲರು. ಆ ನಂಬಿಕೆ ಹುಟ್ಟಿಸುವಷ್ಟು ಹೊತ್ತು ಸೊಪ್ಪು ನನಗಿಂತ ಚೆನ್ನಾಗಿ ಸುಮ್ಮನಿತ್ತು.

ಮೊಳೆ ಈಗ ಖಾಲಿಯಿಲ್ಲ. ಕೋಣೆಯ ಹದ ತಿಳಿಯಲೆಂದು ಅಪ್ಪಾಜಿ ಅದಕ್ಕೆ ದಾರ ಕಟ್ಟಿ ಒಂದು ಎಲೆ ತೂಗಿದ್ದರು. ಎಲೆ ಮೆತ್ತಗಿದ್ದರೆ ತೇವ ಹೆಚ್ಚು, ಚರಚರ ಎಂದರೆ ಕಡಿಮೆ. ಸೊಪ್ಪೆಲ್ಲ ಹೋದರೂ ಅದು ಅಲ್ಲೇ ಉಳಿಯಿತು, ನಾನೂ ತೆಗೆಯಲಿಲ್ಲ. ಈಗಲೂ ಬೆಳಿಗ್ಗೆ ಅಜ್ಜಿ ಬಾಗಿಲನ್ನು ತುಸುವೇ ಸರಿಸಿ ಒಳಬಂದು, ಆ ಎಲೆಯನ್ನು ಮುಟ್ಟಿ ನೋಡುತ್ತಾಳೆ, ಆಮೇಲೆ ನನ್ನ ಹಣೆ ಮುಟ್ಟಿ ನೋಡುತ್ತಾಳೆ, ಏನೂ ಕೇಳದೆ ಬಾಗಿಲು ಎಳೆದುಕೊಂಡು ಹೋಗುತ್ತಾಳೆ.