ಕಿರಾಣಿ ಅಂಗಡಿಯ ಮೇಲಿನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡಲು ದೊಡ್ಡ ಮನುಷ್ಯರೇ ಬೇಕೆಂದಿಲ್ಲ. ನನಗೆ ಒಬ್ಬ ಕಿರಾಣಿ ಅಂಗಡಿಯವನೇ ಸಾಕಾದ.

ದೇಶಕ್ಕೆ ಮೊದಲ ಚುನಾವಣೆ ಬಂದ ವರ್ಷ ನಾನು ಮರಾಠಿ ಗಡಿಯ ಶೇಗಾಂವದಲ್ಲಿ ಶಾಲಾ ಮಾಸ್ತರ. ಊರಲ್ಲಿ ಅಂಚೆಯಿಂದ ಮರಾಠಿ ಪತ್ರಿಕೆ ಬರುತ್ತಿದ್ದದ್ದು ನನ್ನೊಬ್ಬನ ಮನೆಗೆ. ಯಾವ ಪಕ್ಷ ಏನು ಹೇಳುತ್ತದೆಂದು ತಿಳಿಯಬೇಕಾದವರು ನನ್ನ ಕಟ್ಟೆಗೇ ಬರಬೇಕು. ನಾನು ಕನ್ನಡಕ ಏರಿಸಿ, ಒಮ್ಮೆ ಕೆಮ್ಮಿ, ಹೇಳಬೇಕು. ಆ ಕೆಮ್ಮು ರೋಗದ್ದಲ್ಲ. ಚಂದ ಕಂಡ ಮಾತುಗಳ ಕೆಳಗೆ ಕೆಂಪು ಪೆನ್ಸಿಲ್ಲಿನ ಗೆರೆ ಎಳೆಯುವ ಚಟವೂ ಇತ್ತು.

ಬರಬರುತ್ತ ಕಟ್ಟೆ ಖಾಲಿಯಾಯಿತು. ಜನರೆಲ್ಲ ದಸ್ತಗೀರಸಾಬನ ಕಿರಾಣಿ ಅಂಗಡಿಯ ಮುಂದೆ! ಬೆಲ್ಲ ಕಟ್ಟುತ್ತಲೇ ಆತ ಪಕ್ಷಗಳ ಧೋರಣೆ ಬಿಡಿಸಿ ಹೇಳುತ್ತಾನಂತೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ. ನನಗೆ ಅನ್ನ ಸೇರದಾಯಿತು.

ಒಂದು ಸಂಜೆ ಸಿದ್ದಪ್ಪ ಬಂದ. ಇನ್ನೊಬ್ಬರ ಹೊಲವನ್ನು ಲಾವಣಿಗೆ ಹಿಡಿದು ಉಳುವವನು. ಅದು ಹೋದರೆ ಅವನಿಗೆ ಬೇರೆ ಬದುಕಿಲ್ಲ.

"ಮಾಸ್ತರ, ಜೀಪಿನ್ಯಾಗ ಬಂದಿದ್ದ ಪಕ್ಷದವ್ರು ನಮಗ ಹೊಲಾ ಉಳಸ್ತಾರೋ ಇಲ್ಲೋರಿ?"

"ಉಳಸ್ತಾರ. ಉಳಾವ್ರ ಕಡೆ ಅದೀವಿ ಅಂದಾರ. ಇವತ್ತಿನ ಪೇಪರಿನ್ಯಾಗs ಐತಿ."

"ಚಲೋ ಆತ್ರಿ. ದಸ್ತಗೀರಸಾಬಗೂ ಒಂದ ಮಾತ ಕೇಳಿ ಬರ್ತೀನಿ."

ನಾನೂ ಉಪ್ಪಿನ ನೆಪ ಮಾಡಿಕೊಂಡು ಹಿಂದೆಯೇ ಹೋದೆ. ದಸ್ತಗೀರಸಾಬ ಗೋಣಿಯ ಕೆಳಗಿನಿಂದ ಎರಡು ಹಳದಿ ಹಾಳೆ ತೆಗೆದ. "ಶ್ರಾವಣದಾಗ, ಉಳಾವಗ ಹೊಲಾ ಅಂದಾರ. ದಸರಾಕ್ಕ, ಮಾಲಕ ತಾನs ಉಳತೀನಂದ್ರ ಬಿಡಬೇಕ ಅಂದಾರ. ಈಗ ಉಳಾವ್ರ ಕಡೆ ಅಂತಾರ. ಉಳಾವ ಅಂದ್ರ ಯಾರು? ಜೀಪ ಮತ್ತ ಬಂದಾಗ ಅದನ್ನs ಕೇಳು, ಸಿದ್ದಪ್ಪಾ."

ಹಾಳೆಗಳಲ್ಲಿ ಕೆಂಪು ಗೆರೆಗಳಿದ್ದವು. ನನ್ನವೇ!

"ನಿಮ್ಮ ಮನೀವs ರಿ," ಎಂದ. "ಅಕ್ಕಾರು ಸಂತಿ ದಿನಾ ರದ್ದಿ ಕೊಟ್ಟು ಬೆಲ್ಲಾ ಒಯ್ತಾರ. ಪುಡಿಕಿ ಕಟ್ಟೂಮುಂದ ಓದತೀನಿ. ಪಕ್ಷದ ಸುದ್ದಿ ಇದ್ದೂವು ಹರಿಯಂಗಿಲ್ಲ."

ಮನೆಗೆ ಬಂದವನೇ ಹೆಂಡತಿಗೆ ತಾಕೀತು ಮಾಡಿದೆ: ಇನ್ನು ಒಂದು ಹಾಳೆಯೂ ಹೊರಗೆ ಹೋಗಕೂಡದು. ಪತ್ರಿಕೆಗಳು ಗೋಡೆಯ ಮಾಡದಲ್ಲಿ ಪೇರಿದವು. ತಾಜಾ ಸುದ್ದಿಯ ಹುಚ್ಚಿನವನು ನಾನು. ನಿನ್ನೆಯದನ್ನು ಮತ್ತೆ ಮುಟ್ಟುವ ಅಭ್ಯಾಸವೇ ಇಲ್ಲ. ಆ ದಿನಗಳಲ್ಲಿ ನಮ್ಮ ಮನೆಯ ಚಹಾ ಕೂಡ ಸಪ್ಪೆಯಾಯಿತು.

ಎರಡು ವಾರಕ್ಕೆ ಸಿದ್ದಪ್ಪ ಮತ್ತೆ ಬಂದ. "ಅಂಗಡಿಗಿ ಪೇಪರ ಬಂದಿಲ್ಲಂತರಿ. ನಾಳಿ ಜೀಪ ಬರತೈತಿ. ಈ ನಡುವ ಅವ್ರು ಏನ್ ಅಂದಾರೋ ತಿಳೀವಲ್ದು."

ಅವನ ಮುಖ ನೋಡಿ ನಾಚಿಕೆಯಾಯಿತು. ಪೇರಿದ್ದನ್ನೆಲ್ಲ ಕಂಕುಳಲ್ಲಿಟ್ಟು ಹೊರಟೆ. ದಸ್ತಗೀರಸಾಬ ಗೋಣಿ ಹಾಸಿ, "ಬರ್ರಿ ಮಾಸ್ತರ, ಕುಂದ್ರಿ," ಎಂದ. ಈ ಸಲ ನಾನು ಕೆಮ್ಮಲಿಲ್ಲ. ಕೆಂಪು ಪೆನ್ಸಿಲ್ಲನ್ನೂ ಅವನ ಕೈಗೇ ಕೊಟ್ಟೆ.

ಹೊಟ್ಟೆಕಿಚ್ಚು ಹೋಯಿತೇ ಎಂದು ನೀವು ಕೇಳಬಹುದು. ಹೇಗೆ ಹೋದೀತು? ಆತ ಎಳೆದ ಮೊದಲ ಗೆರೆ, ನಾನು ಓದಿಯೂ ದಾಟಿ ಹೋಗಿದ್ದ ಸಾಲಿನ ಕೆಳಗಿತ್ತು: ಆಳಿಟ್ಟು ಉಳುಮೆ ಮಾಡಿಸುವ ಮಾಲಕನೂ ಉಳುವವನೇ. ಸಿದ್ದಪ್ಪ ಜೀಪಿನವರನ್ನು ಕೇಳಬೇಕಾದದ್ದು ಅದನ್ನೇ.