ಎರಡು ಕಿವಿ, ಒಂದು ಬಾಯಿ, ಮೂವರ ಅಭಿಪ್ರಾಯ

ನಾನು ಇಂಗ್ಲಿಷ್ ಮಾತಾಡಲು ಕಲಿತದ್ದು ಒಂದು ಕಾದಂಬರಿಯಿಂದ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಹೇಳುವಾಗ ಚೆನ್ನಾಗಿರುತ್ತದೆ. ಆದರೆ ಅದರ ಮುನ್ನೂರು ಪುಟಗಳಲ್ಲಿ ನಾನು ಓದಿದ್ದೆಷ್ಟು, ಶಿಡ್ಲಘಟ್ಟದ ಆ ಮಹಡಿಯ ಮೇಲೆ ಬೇರೆಯವರು ಜಗಳವಾಡುವಾಗ ಕೇಳಿಸಿಕೊಂಡದ್ದೆಷ್ಟು ಎಂದು ಈಗ ಬಿಡಿಸಿ ಹೇಳಲಾರೆ.

ಖಚಿತವಾಗಿ ಗೊತ್ತಿರುವುದು ಇಷ್ಟು. ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ನಾನು ಗುತ್ತಿಗೆಯ ಮೇಲಿದ್ದೆ. ಮಾರ್ಚ್‌ಗೆ ಗುತ್ತಿಗೆ ಮುಗಿಯುತ್ತಿತ್ತು. ಗೌರಿಬಿದನೂರಿನ ಕಂಪನಿಯೊಂದು ಕಾಯಂ ಕೆಲಸಕ್ಕೆ ಜನರನ್ನು ಕರೆದಿತ್ತು. ಅದರ ಬರವಣಿಗೆ ಪರೀಕ್ಷೆಯನ್ನು ಎರಡು ಸಲ ಪಾಸು ಮಾಡಿದ್ದೆ. ಎರಡು ಸಲವೂ ಗುಂಪು ಚರ್ಚೆಯಲ್ಲಿ ಮುಗುಳ್ನಗುತ್ತಾ ಕೂತು, ಹಾಗೆಯೇ ಎದ್ದು ಬಂದಿದ್ದೆ. ಮೂರಕ್ಕಿಂತ ಹೆಚ್ಚು ಸಲ ಕರೆಯುವುದಿಲ್ಲವೆಂದು ಅವರ ನಿಯಮ.

ಹೀಗಾಗಿ ಮೇಷ್ಟ್ರ ಹತ್ತಿರ ಹೋದೆ. ಚಿಂತಾಮಣಿ ಕಡೆಯವರು, ನಿವೃತ್ತ ಇಂಗ್ಲಿಷ್ ಅಧ್ಯಾಪಕರು. ಶಿಡ್ಲಘಟ್ಟದ ಮಗಳ ಮನೆಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಪಾಠ ಮಾಡುತ್ತಿದ್ದರು. ವ್ಯಾಕರಣದ ಸುದ್ದಿಯೇ ಇಲ್ಲ. ಕಾದಂಬರಿಯೊಂದರ ಜೆರಾಕ್ಸ್ ಪ್ರತಿ ಕೊಡುತ್ತಿದ್ದರು. ವಾರಕ್ಕೊಂದು ಅಧ್ಯಾಯ, ಹತ್ತು ಹೊಸ ಪದ, ಆಮೇಲೆ ಚರ್ಚೆ. ಕೋಣೆಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು. ಆದ್ದರಿಂದ ಅಧ್ಯಾಯದ ಸಾರಾಂಶವನ್ನು ಅವರು ಮೆಟ್ಟಿಲ ಮೇಲೆ, ನಾವು ಚಪ್ಪಲಿ ಬಿಡುವ ಜಾಗದಲ್ಲಿ, ಕನ್ನಡದಲ್ಲಿ ಹೇಳುತ್ತಿದ್ದರು. ಹೊಸ್ತಿಲು ದಾಟಿದರೆ ಅವರಿಗೂ ಕನ್ನಡ ಬಂದ್.

ನನ್ನ ಜೊತೆ ಇನ್ನಿಬ್ಬರು ಕಲಿಯುವವರಿದ್ದರು. ಒಬ್ಬರು ರೇಷ್ಮೆ ನೂಲು ತೆಗೆಯುವ ಘಟಕ ನಡೆಸುವ ಸಾಹೇಬರು. ಹೊರರಾಜ್ಯದ ವ್ಯಾಪಾರಿಗಳ ಫೋನಿಗೆ ತಾವೇ ಉತ್ತರ ಕೊಡಬೇಕೆಂಬ ಆಸೆ. ಇನ್ನೊಬ್ಬರು ಮೇಲೂರಿನ ಅಕ್ಕ. ಹಿಪ್ಪುನೇರಳೆ ಬೆಳೆದು ಹುಳ ಸಾಕುವವರು. ಮೊಮ್ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಯಾರೋ ಇವರನ್ನು ದಾಟಿ ಸೊಸೆಯೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದ್ದರಂತೆ. ಅಂದಿನಿಂದ ಹಟ.

ಕಾದಂಬರಿಯಲ್ಲಿ ಸಮುದ್ರದ ದಂಡೆಯ ಮೇಲೊಂದು ಮನೆ. ಮುದುಕಿಯೊಬ್ಬಳು. ಆ ಮನೆಯನ್ನು ಯಾರಿಗೆ ಕೊಡುತ್ತಾಳೆಂದು ತಿಳಿಯಲು ಬಂದ ಇಬ್ಬರು ಗಂಡುಮಕ್ಕಳು. ಅವರು ಅದನ್ನು ನೇರವಾಗಿ ಕೇಳುವುದಿಲ್ಲ. ಪ್ರತಿ ಅಧ್ಯಾಯದಲ್ಲೂ ಟೀ ಕುಡಿದು, ಕಿಟಕಿಯಾಚೆ ನೋಡಿ, ಹವಾಮಾನದ ಬಗ್ಗೆ ಮಾತಾಡುತ್ತಾರೆ. ಹೀಗೇ ಹನ್ನೊಂದು ಅಧ್ಯಾಯ.

ಮೊದಲ ಎರಡು ಭಾನುವಾರ ನಾವೂ ಅವರಂತೆಯೇ ಕೂತಿದ್ದೆವು. ಕೆಳಗೆ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು. ಒಮ್ಮೆ ಸಾಹೇಬರು ಧೈರ್ಯ ಮಾಡಿ, "ದಿ ಮದರ್ ಈಸ್ ಮೆಲಂಕಲಿ" ಎಂದರು, ತಾಯಿಗೆ ಬೇಸರವಂತೆ. ಎಲ್ಲರೂ ತಲೆಯಾಡಿಸಿದೆವು. ಆ ದಿನದ ಚರ್ಚೆ ಅಷ್ಟೇ.

ಮೂರನೆಯ ಭಾನುವಾರ, ಅಥವಾ ನಾಲ್ಕನೆಯದು, ಅಕ್ಕನಿಗೆ ತಡೆಯಲಾಗಲಿಲ್ಲ. ನನ್ನ ಬಲಗಿವಿಗೆ ಬಾಯಿಟ್ಟು, ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದು ಪಿಸುಗುಟ್ಟಿದರು: "ಅಡಿಗಿತೇ ಏಂ ಪೋತುಂದಮ್ಮಾ ವೀಳ್ಳಕಿ? ಕೇಳಿದ್ರೆ ಗಂಟೇನು ಹೋಗುತ್ತೆ? ಇಷ್ಟು ಟೀ ಕುಡಿಯೋ ಬದ್ಲು ಒಂದು ಸರ್ತಿ ಬಾಯ್ಬಿಟ್ಟು ಕೇಳ್ಬಾರ್ದಾ?"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹೇಗೆ ಬಂತೋ ಗೊತ್ತಿಲ್ಲ. ನನ್ನ ಮಾತಾಗಿದ್ದರೆ ಬರುತ್ತಿರಲಿಲ್ಲ. ಅಕ್ಕನದಾದ್ದರಿಂದ ತಪ್ಪಾದರೂ ತಪ್ಪು ಅಕ್ಕನದು.

ನಿಯಮ ಮುರಿದೆವೆಂದು ಹೆದರಿ ಮೇಷ್ಟ್ರ ಮುಖ ನೋಡಿದೆವು. ಅವರು, ಕಿವಿ ಕೋಣೆಗೆ ಸೇರಿದ್ದಲ್ಲ ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟರು.

ಅಲ್ಲಿಂದ ಕಟ್ಟೆ ಒಡೆಯಿತು. ಬಲಗಿವಿಗೆ ಅಕ್ಕ, ಎಡಗಿವಿಗೆ ಸಾಹೇಬರು. ಅಕ್ಕ ಮುದುಕಿಯ ಪರ, ಸಾಹೇಬರು ಹಿರಿಯ ಮಗನ ಪರ.

"ಬೇಟಾ, ಆ ಮೇಲೂರಮ್ಮನಿಗೆ ಹೇಳು," ಎಂದು ಸಾಹೇಬರು ಎಡಗಡೆಯಿಂದ, "ದೊಡ್ಡೋನು ಮರ್ಯಾದಸ್ಥ. ತಾಯಿ ಮುಂದೆ ಜಾಗದ ಮಾತು ಹೆಂಗೆ ಎತ್ತೋದು?"

"ಮರ್ಯಾದೆ ಅಂತೆ ಮರ್ಯಾದೆ!" ಬಲಗಡೆಯಿಂದ. "ಅಷ್ಟು ಮರ್ಯಾದೆ ಇದ್ರೆ ಬ್ಯಾಗ್ ತಗೊಂಡು ಯಾಕ್ ಬಂದಾ ಅಂತ ಕೇಳು ಆ ಸಾಹೇಬ್ರನ್ನ. ಇವ್ರೂ ಅಂಗೇ ಅನ್ಸುತ್ತೆ ಕಣಮ್ಮಾ ಮನೇಲಿ."

ಇಬ್ಬರಿಗೂ ಕನ್ನಡ ಬರುತ್ತದೆ. ಒಬ್ಬರು ಅಂದದ್ದು ಇನ್ನೊಬ್ಬರಿಗೆ ನನ್ನ ತಲೆಯ ಮೇಲಿನಿಂದಲೇ ಕೇಳಿಸುತ್ತಿತ್ತು. ಆದರೂ ನಾನು ಇಂಗ್ಲಿಷಿಗೆ ತರುವವರೆಗೆ ಕೇಳಿಸದವರಂತೆ ಕೂತಿದ್ದು, ಆಮೇಲೆ ಸಿಟ್ಟಾಗುತ್ತಿದ್ದರು. ಇನ್ನೆರಡು ವಾರದಲ್ಲಿ ಮೇಷ್ಟ್ರೂ ಕುರ್ಚಿ ಬಿಟ್ಟು ಬಂದು ನನ್ನ ಹಿಂದೆ ನಿಂತು, ಕಿರಿಯ ಮಗನ ಬಗ್ಗೆ ತಮ್ಮ ಅಭಿಪ್ರಾಯವನ್ನು ತೆಲುಗಿನಲ್ಲಿ ಪಿಸುಗುಟ್ಟಿದರು. ನಾನು ಇಂಗ್ಲಿಷ್ ಮಾಡಿದೆ. ಅವರು ಕುರ್ಚಿಗೆ ವಾಪಸು ಹೋಗಿ ಅದರಲ್ಲಿ ಒಂದು ಪದ ತಿದ್ದಿದರು.

ನನ್ನ ಅಭಿಪ್ರಾಯ ಏನಿತ್ತು? ಏನೋ ಇದ್ದಿರಬೇಕು. ಅದಕ್ಕೆ ಪುರುಸೊತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಗೌರಿಬಿದನೂರಿನಿಂದ ಕರೆ ಬಂತು. ಗುಂಡು ಮೇಜಿನ ಸುತ್ತ ಎಂಟು ಜನ. ಗೋಡೆಯ ಪಕ್ಕ ಕಂಪನಿಯ ಒಬ್ಬ ಅಧಿಕಾರಿ, ಒಬ್ಬ ಮೇಡಂ. ಕೆಲಸದ ಜಾಗದಲ್ಲಿ ನಯವಾಗಿ ಮಾತಾಡುವುದು ಮುಖ್ಯವೋ, ನೇರವಾಗಿ ಮಾತಾಡುವುದೋ ಎಂಬುದು ವಿಷಯ. ಎಂಟೂ ಜನ ಎನ್ನಬಾರದು, ಏಳು ಜನ ಒಟ್ಟಿಗೆ ಶುರು ಮಾಡಿದರು. ನಾನು ಮುಗುಳ್ನಗುತ್ತಿದ್ದೆ. ಮಾರ್ಚ್ ಕಣ್ಮುಂದೆ ಬಂತು.

ಆಗ ನನ್ನ ಎಡಕ್ಕಿದ್ದ ಹುಡುಗ ಒಂದು ವಾಕ್ಯದ ನಡುವೆ ತಡವರಿಸಿದ. ನನ್ನ ಬಾಯಿ ತಾನೇ ತೆರೆಯಿತು: "ವಾಟ್ ಹೀ ಈಸ್ ಸೇಯಿಂಗ್ ಈಸ್..." ಅವನ ಇಂಗ್ಲಿಷನ್ನೇ ಇಂಗ್ಲಿಷಿಗೆ ತಂದೆ. ಅವನು ಖುಷಿಯಿಂದ ತಲೆಯಾಡಿಸಿದ. ಬಲಗಡೆಯವಳದ್ದನ್ನೂ ತಂದೆ. ಸ್ವಲ್ಪ ಹೊತ್ತಿಗೆ ಎದುರಿನವರೂ ಎರಡು ಮಾತಾಡಿ ನನ್ನ ಕಡೆ ನೋಡಿ ಕಾಯತೊಡಗಿದರು. ಬಾಯಿ ಬಿಡಲಾರದೆ ಎರಡು ಸಲ ಎದ್ದು ಹೋದ ಆ ಮೇಜಿನಲ್ಲಿ ಈಗ ನನ್ನದೇ ಸದ್ದು. ಒಂದು ಮಾತೂ ನನ್ನದಲ್ಲ.

ಮೇಡಂ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. "ನಿಮ್ಮ ಸ್ವಂತ ಅಭಿಪ್ರಾಯ ಏನು?" ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದರು.

ನನ್ನ ಎರಡೂ ಕಿವಿ ಖಾಲಿ. ಯಾರೂ ಏನೂ ಹೇಳುತ್ತಿಲ್ಲ. ಆದರೂ ಹೇಳಿದೆ: ಮೇಲೂರಿನಲ್ಲಿ ಒಬ್ಬರು ಮಹಿಳೆ ಇದ್ದಾರೆ. ನಯವಾದ ಮಾತಿಗೆ ಬಿಡುವು ಬೇಕು ಎನ್ನುತ್ತಾರೆ ಅವರು. ಹಸಿದ ಹುಳ ತಟ್ಟೆಯಲ್ಲಿ ತಲೆಯೆತ್ತಿ ಸೊಪ್ಪಿಗೆ ಕಾಯುವಾಗ ಯಾರೂ ದಯವಿಟ್ಟು ಎನ್ನುವುದಿಲ್ಲ, ಸೊಪ್ಪು ತಾ ಎನ್ನುತ್ತಾರೆ. ಅದನ್ನು ಒರಟು ಎಂದುಕೊಳ್ಳುವವನು ಹುಳ ಸಾಕಿದವನಲ್ಲ.

ಅಧಿಕಾರಿ ಅದನ್ನು ಬರೆದುಕೊಂಡರು. ಆ ಮಹಿಳೆ ಈಗ ಎಲ್ಲಾದರೂ ಕೆಲಸದಲ್ಲಿದ್ದಾರೆಯೇ ಎಂದು ಕೇಳಿದರು. ಬಿಡುವಿಲ್ಲ ಎಂದೆ.

ಹತ್ತು ದಿನಕ್ಕೆ ಆದೇಶ ಬಂತು. ಕಾಯಂ ಕೆಲಸ, ನನ್ನ ಹೆಸರಿಗೆ. ಭಾನುವಾರ ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಾ ಎಲ್ಲವನ್ನೂ ಹೇಳಿದೆ. ಸಾಹೇಬರು ಮಾಷಾ ಅಲ್ಲಾ ಎಂದರು. ಅಕ್ಕ ನನ್ನ ಕೆನ್ನೆ ಹಿಂಡಿ, "ನಾನಂದಿದ್ದು ಎಂಗ್ ನೆನಪಿಟ್ಕೊಂಡಿದೀಯ ನೋಡು!" ಎಂದರು.

"ಇಲ್ಲ ಅಕ್ಕಾ, ನೀವು ಅಂದಿರ್ಲಿಲ್ಲ. ನಾನೇ ಅಂದಿದ್ದು, ನಿಮ್ಮ ಮೇಲೆ ಹಾಕ್ದೆ."

"ನಿಮ್ಮನೇಲಿ ಹುಳ ಸಾಕಿದ್ರಾ?"

"ಇಲ್ಲ."

"ಮತ್ತೆ?"

ಕಾದಂಬರಿ ಬದಿಗೆ ಹೋಯಿತು. ಒಳಗೆ ಕೂತು ಮೇಷ್ಟ್ರು ಇದನ್ನೇ ಆ ದಿನದ ಚರ್ಚೆಗೆ ಇಟ್ಟರು: ಆ ಮಾತು ಯಾರದು? ಇಂಗ್ಲಿಷ್ ನಿಯಮ ಹಾಗೆಯೇ ಇತ್ತು. ಅಕ್ಕ ನನ್ನ ಬಲಗಿವಿಗೆ ನನ್ನ ವಿರುದ್ಧವೇ ವಾದ ಹೇಳಿದರು, ಸಾಹೇಬರು ಎಡಗಿವಿಗೆ ಅಕ್ಕನ ಪರ ಸಾಕ್ಷಿ ಹೇಳಿದರು. ತಟ್ಟೆಯಲ್ಲಿ ಹುಳ ತಲೆಯೆತ್ತುವುದು ಪೇಟೆಯ ಹುಡುಗಿಗೆ ಹೇಗೆ ಗೊತ್ತು ಎಂದು ಅವರ ಪ್ರಶ್ನೆ. ಎರಡನ್ನೂ ನಾನೇ ಇಂಗ್ಲಿಷಿನಲ್ಲಿ ಮಂಡಿಸಬೇಕಾಯಿತು, ಚೆನ್ನಾಗಿಯೇ ಮಂಡಿಸಿದೆ. ಆಮೇಲೆ ಯಾರ ಪಿಸುಮಾತೂ ಇಲ್ಲದೆ, ಆ ಮಾತು ನನ್ನದು, ನನ್ನದೇ ಎಂದು ಇಂಗ್ಲಿಷಿನಲ್ಲಿ ಕೂಗಿದೆ. ವಾಕ್ಯ ಸರಿಯಿದೆ, ಸಾಕ್ಷಿ ಇಲ್ಲ ಎಂದರು ಮೇಷ್ಟ್ರು. ಕೆಲಸ ನನಗೆ, ಮಾತು ಅಕ್ಕನಿಗೆ ಎಂದು ತೀರ್ಮಾನವಾಯಿತು.

ಗೆದ್ದ ಅಕ್ಕ ಮತ್ತೆ ನನ್ನ ಕಿವಿಗೆ ಬಾಗಿದರು. ಈ ಸಲ ಸಾಹೇಬರಿಗೂ ಕೇಳಿಸದಷ್ಟು ಮೆಲ್ಲಗೆ: "ನಾನು ಅಂದಿರ್ಲಿಲ್ಲ ಅನ್ಸುತ್ತೆ ಕಣಮ್ಮಾ. ಚೆನ್ನಾಗೈತೆ, ನಂಗಿರ್ಲಿ ಬಿಡು."

ಅವರೇನು ಹೇಳುತ್ತಿದ್ದಾರೆಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದರು.

ಮುಂದಿನ ಅಧ್ಯಾಯ ಶುರು ಮಾಡೋಣ ಎನ್ನುತ್ತಿದ್ದಾರೆ ಎಂದೆ.